ದೇವೀರಮ್ಮನ ಹೊಟ್ಟೆಗೆ ಏನೇನು ಹೋಯಿತು

ಮರಿಯಪ್ಪ ಕೆಟ್ಟವನಲ್ಲ, ಅದನ್ನ ಮೊದಲೇ ಹೇಳಿಬಿಡಬೇಕು. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಅಷ್ಟೇ ಅವನ ಕಾಯಿಲೆ. ಅವನವ್ವ ದೇವೀರಮ್ಮನದು ಬೇರೆ ಕಾಯಿಲೆ. ಕರುಳಿನ ಆಪರೇಷನ್ ಆಗಿ ಮನೆಗೆ ಬಂದಿದ್ದಳು. ಡಾಕ್ಟರು ಮಗನನ್ನ ಕೂರಿಸಿಕೊಂಡು ಹೇಳಿದ್ದರು: "ನೋಡಪ್ಪ, ಹುರಿದ ಅಕ್ಕಿಹಿಟ್ಟಿನ ಗಂಜಿ, ತೆಳ್ಳಗೆ. ಅದು ಬಿಟ್ಟು ಬೇರೆ ಏನನ್ನೂ ಹೊಟ್ಟೆಗೆ ಹಾಕಬಾರದು. ಮೂರು ದಿನದಲ್ಲಿ ಗಂಜಿ ಒಳಗೆ ಹೋಗಲಿಲ್ಲ ಅಂದ್ರೆ ಮತ್ತೆ ಇಲ್ಲಿಗೇ ಬಂದು ಮಲಗಬೇಕಾಗ್ತದೆ."

ದೇವೀರಮ್ಮನಿಗೆ ಆಸ್ಪತ್ರೆ ಅಂದರೆ ಜೀವ ಹೋದಷ್ಟು ಹೆದರಿಕೆ. ಮೊದಲನೇ ದಿನ ಮಂಚದಿಂದಲೇ ಕೂಗಿದಳು: "ಲೋ ಮರಿಯಾ, ಹಿಟ್ಟು ಕದಡಿ ಒಲೆ ಮೇಲಿಟ್ಟು ಕೈಯಾಡಿಸ್ತಾ ಇರೋ."

ಮರಿಯಪ್ಪ ಇಟ್ಟ. ಪಾತ್ರೆ ಮುಂದೆ ನಿಂತು ಕೈ ಆಡಿಸಿದ. ಬಲಗೈ ಸೋತಾಗ ಎಡಗೈ ಆಡಿಸಿದ, ಬಸ್ಸಿಗೆ ಕೈ ಬೀಸೋರ ಥರ. ಗಂಜಿ ತಳ ಹಿಡಿದು ಗಂಟುಗಂಟಾಯಿತು.

"ಅಯ್ಯೋ ನನ್ನ ಕರ್ಮವೇ, ಸೌಟು ಹಾಕಿ ತಿರುವಬೇಕಲ್ವೇನೋ. ಗಂಟಾದ್ರೆ ತೆಳು ಬಟ್ಟೇಲಿ ಸೋಸಬೇಕು. ನಾಳೆ ನೆನಪಿಟ್ಕೋ."

"ಆಗ್ಲಿ ಅವ್ವ."

ಅವತ್ತು ಅವಳು ಬರೀ ನೀರು ಕುಡಿದು ಮಲಗಿದಳು.

ಮಾರನೇ ದಿನ ಸೌಟು ಹಾಕಿಯೇ ತಿರುವಿದ. ಒಂದು ಗಂಟೂ ಆಗಲಿಲ್ಲ. ಆದರೂ ಅವ್ವನ ಮಾತು ಮೀರೋದುಂಟೆ? ಅವಳ ವಾಯಿಲ್ ಸೀರೆ ಹಿಡಿದು, ಬಚ್ಚಲಲ್ಲಿ ನಿಂತು ಸೋಸಿದ. ಗಂಜಿಯೆಲ್ಲ ಮೋರಿ ಸೇರಿತು. ಮಧ್ಯಾಹ್ನಕ್ಕೆ ಸೀರೆ ಒಣಗಿ, ಗೋಡೆಗೊರಗಿ ತಾನೇ ನಿಂತಿತ್ತು.

"ಗಂಜಿ ನನಗೆ ಹಾಕು ಅಂದ್ರೆ ನನ್ನ ಸೀರೆಗೆ ಹಾಕಿದ್ದೀಯಲ್ಲೋ. ಕೆಳಗೊಂದು ಪಾತ್ರೆ ಇಟ್ಕೋಬೇಕು ಅಂತಲೂ ಗೊತ್ತಾಗಲ್ವಾ?" ಅವಳಿಗೆ ಅಳು ಬಂದುಬಿಟ್ಟಿತು. ಇನ್ನೊಂದೇ ದಿನ ಉಳಿದಿತ್ತು. ಅವಳು ಅಳೋದು ನೋಡಿ ಮರಿಯಪ್ಪನ ಕರುಳೂ ಚುರ್ ಅಂದಿತು.

ಮೂರನೇ ದಿನ ಗಂಜಿ ಹದವಾಗಿ ಬಂತು. ಲೋಟ ತಂದು ಅವ್ವನ ಕೈಗೆ ಕೊಟ್ಟ. ಮಂಚದ ಕೆಳಗೆ ಪಾತ್ರೆಯೊಂದನ್ನ ಇಟ್ಟು, ಬಗ್ಗಿ ಕೂತ.

"ಅಲ್ಲೇನೋ ಮಾಡ್ತಿದೀಯ?"

"ಕೆಳಗೊಂದು ಪಾತ್ರೆ ಇಟ್ಕೋ ಅಂದ್ಯಲ್ಲವ್ವ. ನೀನು ಕುಡಿ, ನಾನು ಹಿಡೀತೀನಿ."

ದೇವೀರಮ್ಮನಿಗೆ ನಗು ತಡೆಯಲಾಗಲಿಲ್ಲ. "ನಗಿಸಬೇಡವೋ, ಹೊಲಿಗೆ ಬಿಚ್ಕೊಂಡಾತು," ಅಂತ ಹೊಟ್ಟೆ ಒತ್ತಿ ಹಿಡಿದುಕೊಂಡೇ ಲೋಟ ಖಾಲಿ ಮಾಡಿದಳು. ಗಂಜಿ ಒಳಗೇ ನಿಂತಿತು.

ಮರಿಯಪ್ಪ ಕಣ್ಣೊರೆಸಿಕೊಂಡ. "ಎರಡು ದಿನ ನಿನ್ನನ್ನ ಉಪವಾಸ ಕೆಡವಿದೆನಲ್ಲವ್ವ."

"ಇರಲಿ ಬಿಡೋ. ನಿನ್ನ ತಪ್ಪನ್ನೆಲ್ಲ ನಾನು ಯಾವತ್ತೋ ಹೊಟ್ಟೆಗೆ ಹಾಕ್ಕೊಂಡಿದೀನಿ."

ಮರಿಯಪ್ಪ ದಡಕ್ಕನೆ ಎದ್ದ. ಚಪ್ಪಲಿ ಕೂಡ ಮೆಟ್ಟದೆ ಡಾಕ್ಟರ ಹತ್ತಿರ ಓಡಿದ.

"ಡಾಕ್ಟ್ರೇ, ಗಂಜಿ ಬಿಟ್ಟು ಏನೂ ಹೊಟ್ಟೆಗೆ ಹಾಕಬಾರದು ಅಂದಿದ್ರಿ. ಅವ್ವ ನನ್ನ ತಪ್ಪನ್ನೆಲ್ಲ ಹಾಕ್ಕೊಂಡ್ಬಿಟ್ಟಿದಾಳೆ. ಕರುಳು ತಡೀತದಾ?"

ಡಾಕ್ಟರು ನಗು ನುಂಗಿಕೊಂಡು ಕೇಳಿದರು: "ಎಷ್ಟು ವರ್ಷದಿಂದ?"

"ನಾನು ಹುಟ್ಟಿದಾಗಿಂದ. ಮೂವತ್ತೆರಡು."

"ಹಾಗಾದರೆ ಅವರಿಗೆ ಅರಗತ್ತೆ ಬಿಡು. ಆದರೂ ಇನ್ಮೇಲೆ ಸ್ವಲ್ಪ ಕಡಿಮೆ ಕೊಡು."

ಮರಿಯಪ್ಪ ನಿರಾಳವಾಗಿ ಮನೆಗೆ ಬಂದ. "ಅವ್ವ, ಭಯ ಇಲ್ಲವಂತೆ. ಇನ್ಮೇಲೆ ದಿನಕ್ಕೆ ಒಂದೇ ತಪ್ಪು ಕೊಡ್ತೀನಿ, ತೆಳ್ಳಗೆ, ಸೋಸಿ. ಇವತ್ತಿಂದು ಆಗಲೇ ಆಯ್ತಾ, ಇಲ್ಲಾ ಇನ್ನೂ ಕೊಡಬೇಕಾ?"