ದೀಪ ಮೊದಲೋ, ಬೀಗದ ಕೈ ಮೊದಲೋ

ನಳಿನಾಕ್ಷಿಯ ಮನೆತನ ನಿನ್ನೆ ಮೊನ್ನೆಯದಲ್ಲ. ಮುತ್ತಜ್ಜ ನ್ಯಾಯಾಧೀಶರಾಗಿದ್ದರು, ಅವರ ತೀರ್ಪನ್ನು ಮೇಲಿನ ಕೋರ್ಟು ಒಮ್ಮೆಯೂ ತಿದ್ದಲಿಲ್ಲ. ಅಜ್ಜಿ ಹುಡುಗಿಯರ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರ ಹೆಜ್ಜೆಯ ಸಪ್ಪಳ ಕೇಳಿದರೆ ಮೇಷ್ಟ್ರುಗಳೂ ಷರಟಿನ ಗುಂಡಿ ನೋಡಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ನಪಾಸಾದವರಿಲ್ಲ, ಮಾತಿಗೆ ತಪ್ಪಿದವರಿಲ್ಲ. ಮುಸ್ಸಂಜೆ ದೀಪ ಹಚ್ಚುವ ಮೊದಲು ಬೇರೆ ಯಾವ ವಸ್ತುವನ್ನೂ ಯಾರೂ ಮುಟ್ಟುತ್ತಿರಲಿಲ್ಲ.

ಇಂಥ ಮನೆಯ ಹೆಣ್ಣುಮಗಳು, ಮಕ್ಕಳ ಮದುವೆಯೆಲ್ಲ ಆದಮೇಲೆ, ಕಂಪ್ಯೂಟರಿನಲ್ಲಿ ಆಟ ಮಾಡುವುದನ್ನು ಕಲಿಯುತ್ತೇನೆಂದು ಹೊಳೆದಂಡೆಯ ಆಶ್ರಮಕ್ಕೆ ಬಂದಳು. ನಗುವವರು ನಕ್ಕರು. ಕಲಿಯದೆ ಹಿಂದಿರುಗಿದರೆ ಅವರ ಮುಖವನ್ನೇ ನೋಡಬೇಕು.

ಅಲ್ಲಿ ಗುರುಗಳದು ಒಂದು ಕಟ್ಟಳೆ. ಹೊಸಬರು ಮಾಡಿದ ಮೊದಲ ಆಟವನ್ನು ಬೇರೆಯವರೊಬ್ಬರು ಕೊನೆಯವರೆಗೆ ಆಡಬೇಕು. ಮಾಡಿದವರು ಬಾಯಲ್ಲಿ ಒಂದು ಗುಟುಕು ಹೊಳೆಯ ನೀರು ತುಂಬಿಕೊಂಡು ಹಿಂದೆ ಕೂರಬೇಕು. ನುಂಗಬಾರದು, ಉಗುಳಬಾರದು. ಅಷ್ಟಾದರೆ ಮುಂದಿನ ಪಾಠ, ಆಗದಿದ್ದರೆ ಮನೆ.

“ನೀರು ಯಾಕೆ, ಗುರುಗಳೇ? ಸುಮ್ಮನಿರು ಎಂದರೆ ನಾನು ಸುಮ್ಮನಿರುವವಳು.”

“ಹಾಗಾದರೆ ನೀರಿನಿಂದ ನಿನಗೇನೂ ತೊಂದರೆಯಿಲ್ಲ,” ಎಂದರು ಗುರುಗಳು.

ಅವಳ ಆಟ ಸರಳವಾದದ್ದು. ಕತ್ತಲ ಮನೆಯೊಳಗೆ ಒಬ್ಬ ಹುಡುಗಿ. ಒಂದು ಮೂಲೆಯಲ್ಲಿ ದೀಪ, ಇನ್ನೊಂದು ಮೂಲೆಯಲ್ಲಿ ಬೀಗದ ಕೈ. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಂದರೆ ಬಾಗಿಲು ತೆರೆಯುತ್ತದೆ. ಅವಳೇ ಎಷ್ಟೋ ಸಲ ಆಡಿ ನೋಡಿದ್ದಳು. ಬಾಗಿಲು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಆಡಲು ಕೂತವರು ಜೊತೆಯ ಶಿಷ್ಯ ತಿಪ್ಪೇಸ್ವಾಮಿ. ಬಸ್ ಕಂಡಕ್ಟರಾಗಿ ನಿವೃತ್ತರಾದವರು.

“ಅಮ್ಮಾವ್ರು ಬಾಯಿ ಮುಚ್ಚಿ ಕೂತಿದ್ದು ಇವತ್ತೇ ನೋಡ್ತಿರೋದು,” ಎಂದು ನಕ್ಕು ಶುರು ಮಾಡಿದರು.

ನಳಿನಾಕ್ಷಿಯ ಕಣ್ಣು ಬಾಗಿಲ ಮೇಲೇ ಇತ್ತು. ಈಗ ತೆರೆಯುತ್ತದೆ, ಇನ್ನೇನು ತೆರೆಯುತ್ತದೆ.

ತೆರೆಯಲಿಲ್ಲ.

ತಿಪ್ಪೇಸ್ವಾಮಿ ಮತ್ತೆ ಬಾಗಿಲಿಗೆ ಬಂದರು. ಮತ್ತೆ ಹೋದರು. ಮತ್ತೆ ಬಂದರು. “ಬಸ್ಸಿನ ಬಾಗಿಲಾದ್ರೂ ಒದ್ದರೆ ತೆಗೀತಿತ್ತು,” ಎಂದರು.

ನಳಿನಾಕ್ಷಿಯ ಕಾಲು ನೆಲ ಬಡಿಯತೊಡಗಿತು. ಬಳೆ ಸದ್ದಾಯಿತು. ಕೆನ್ನೆ ನೋಯಿತು. ಕೊನೆಗೆ ನೀರು ಗಂಟಲಿಗೆ ಇಳಿದೇಹೋಯಿತು.

“ಬೀಗದ ಕೈ ತಗೊಳ್ಳಿ! ಕಣ್ಣು ಕಾಣಿಸಲ್ವಾ?”

“ತಗೊಂಡೆನಲ್ಲಮ್ಮ.”

“ತಗೊಂಡಿದ್ದರೆ ಬಾಗಿಲು ತೆಗೆಯಬೇಕಿತ್ತು. ಸುಳ್ಳು ಯಾಕೆ ಹೇಳ್ತೀರಿ?”

ತಿಪ್ಪೇಸ್ವಾಮಿ ಕೈ ಹಿಂದಕ್ಕೆ ತೆಗೆದರು. ಅವರ ಮುಖದ ನಗು ಹೋಗಿತ್ತು.

“ಬಸ್ಸಲ್ಲಿ ಎಂಥೆಂಥವರೋ ಬೈದಿದ್ದಾರಮ್ಮ. ಸುಳ್ಳ ಅಂತ ಯಾರೂ ಅಂದಿರಲಿಲ್ಲ.”

ಎದ್ದು ಹೊಳೆಯ ಮೆಟ್ಟಿಲ ಕಡೆಗೆ ನಡೆದರು.

ನಳಿನಾಕ್ಷಿ ಗುರುಗಳ ಬಳಿಗೆ ಹೋದಳು. “ನೀರು ನುಂಗಿದ್ದು ತಪ್ಪು. ಒಪ್ಪಿದೆ. ಆದರೆ ಆಡಲು ಬಾರದವರನ್ನು ಕೂರಿಸಿದರೆ ಹೇಗೆ? ಬೇರೆಯವರನ್ನು ಕೊಡಿ.”

“ನೀನೇ ಆಡು.”

ಅವಳು ಆಡಿದಳು. ದೀಪ, ಬೀಗದ ಕೈ, ಬಾಗಿಲು. ತೆರೆಯಿತು.

“ನೋಡಿದಿರಾ?”

“ನೋಡಿದೆ. ಈಗ ತಿಪ್ಪೇಸ್ವಾಮಿ ಆಡಿದ ಹಾಗೆ ಆಡು.”

“ಅವರು ಹೇಗೆ ಆಡಿದರೋ, ನನಗೇನು ಗೊತ್ತು?”

“ಅವರ ಹಿಂದೆ ಕೂತಿದ್ದವರು ಯಾರು?”

ಗುರುಗಳು ಎದ್ದು ತರಕಾರಿ ಮಡಿಗೆ ನೀರು ಬಿಡಲು ಹೋದರು.

ನಳಿನಾಕ್ಷಿ ಕೂತಳು, ಎದ್ದಳು, ಅಂಗಳದಲ್ಲಿ ಓಡಾಡಿದಳು, ಮತ್ತೆ ಕೂತಳು. ಹುಡುಗಿಯನ್ನು ಗೋಡೆಗೆ ಗುದ್ದಿಸಿದಳು. ಬಾಗಿಲಿಗೆ ಓಡಿಸಿದಳು. ಹಿಂದಕ್ಕೆ ನಡೆಸಿದಳು. ಊಟದ ಗಂಟೆ ಹೊಡೆಯಿತು, ಅವಳು ಏಳಲಿಲ್ಲ. ಬೇಸತ್ತು, ಬೇಕೆಂದೇ ಅಡ್ಡಾದಿಡ್ಡಿಯಾಗಿ ಆಡತೊಡಗಿದಳು. ಹಾಗೆ ಆಡುತ್ತ ಬೀಗದ ಕೈಯನ್ನು ಮೊದಲು ತೆಗೆದುಕೊಂಡಳು, ದೀಪವನ್ನು ಆಮೇಲೆ.

ಬಾಗಿಲು ತೆರೆಯಲಿಲ್ಲ.

ಚೀಲ ನೋಡಿದಳು. ದೀಪವೊಂದೇ ಇತ್ತು.

ಆಟ ನಡೆಸಲು ಕಂಪ್ಯೂಟರಿಗೆ ತಾನು ಬರೆದುಕೊಟ್ಟ ಸೂಚನೆಗಳನ್ನು ಮೇಲಿನಿಂದ ಓದಿದಳು. ದೀಪ ತೆಗೆದುಕೊಳ್ಳುವ ಜಾಗದಲ್ಲಿ, “ಚೀಲ ಖಾಲಿ ಮಾಡು, ದೀಪ ಹಾಕು” ಎಂದು ಅವಳೇ ಬರೆದಿದ್ದಳು. ಕತ್ತಲ ಮನೆಯಲ್ಲಿ ದೀಪಕ್ಕಿಂತ ಮೊದಲು ಯಾರಾದರೂ ಇನ್ನೊಂದನ್ನು ಮುಟ್ಟಿಯಾರು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ತಿಪ್ಪೇಸ್ವಾಮಿ ಬೀಗದ ಕೈ ತೆಗೆದುಕೊಂಡಿದ್ದರು. ಅದನ್ನು ಅವರ ಚೀಲದಿಂದ ಕಸಿದುಕೊಂಡವಳು ನಳಿನಾಕ್ಷಿ.

ಅವಳ ಕಿವಿ ಬಿಸಿಯಾಯಿತು. ಚೀಲ ಖಾಲಿ ಮಾಡುವ ಸಾಲನ್ನು ಅಲ್ಲಿಂದ ಎತ್ತಿ ಆಟದ ಆರಂಭಕ್ಕೆ ಹಾಕಿದಳು. ದೀಪ ಮೊದಲು ತೆಗೆದು ನೋಡಿದಳು, ತೆರೆಯಿತು. ಬೀಗದ ಕೈ ಮೊದಲು ತೆಗೆದು ನೋಡಿದಳು; ಆಗಲೂ ತೆರೆಯಿತು.

ಚಪ್ಪಲಿ ಮೆಟ್ಟದೆ ಮಡಿಯ ಬಳಿಗೆ ಓಡಿದಳು.

“ತಪ್ಪು ಸಿಕ್ಕಿತು, ಗುರುಗಳೇ. ನನ್ನದೇ. ಸರಿಮಾಡಿದೆ. ಈಗ ಯಾವುದನ್ನು ಮೊದಲು ತಗೊಂಡರೂ ಬಾಗಿಲು ತೆಗೆಯುತ್ತದೆ.”

“ಒಳ್ಳೆಯದು.”

“ಹಾಗಾದರೆ ಮುಂದಿನ ಪಾಠಕ್ಕೆ ಕೂರಲೇ?”

ಗುರುಗಳು ಬದನೆ ಗಿಡದ ಬುಡಕ್ಕೆ ಮಣ್ಣು ಏರಿಸುತ್ತಲೇ ಇದ್ದರು.

“ಇನ್ನೊಮ್ಮೆ ಬೇರೆಯವರು ಆಡಬೇಕು, ಅಷ್ಟೇ ತಾನೇ? ತಿಪ್ಪೇಸ್ವಾಮಿಯವರನ್ನೇ ಕರೆದು ಕೂರಿಸುತ್ತೇನೆ. ಬಾಗಿಲು ತೆಗೆದದ್ದು ಕಂಡರೆ ಅವರಿಗೂ ಸಮಾಧಾನವಾಗುತ್ತದೆ. ನಾನು ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ನೀರು ತುಂಬಿಕೊಂಡು ಬರಲೇ?”

“ಬೇಡ.”

“ಮತ್ತೇನು ಮಾಡಲಿ?”

ಗುರುಗಳು ಕೈಯ ಮಣ್ಣು ಕೊಡವಿ ಎದ್ದು ನಿಂತರು.

“ತಿಪ್ಪೇಸ್ವಾಮಿಯ ಕ್ಷಮೆ ಕೇಳು.”