ಬಾಣದ ಗುರುತು

ಅಣೆಕಟ್ಟಿನ ಕೆಳಗೆ, ಹೊಳೆ ತಿರುಗುವ ಕಡೆ, ಒಂದು ಆಶ್ರಮವಿತ್ತು. ಅಲ್ಲಿ ಜಪವೂ ಇತ್ತು, ಕಂಪ್ಯೂಟರೂ ಇತ್ತು.

ಆಶ್ರಮದವರು ಒಂದು ಭಾಷೆಯನ್ನು ಕಾಪಾಡಿಕೊಂಡು ಬಂದಿದ್ದರು. ಆಡುವ ಭಾಷೆಯಲ್ಲ. ಡೇಟಾಬೇಸ್ ಎಂಬ ಮಾಹಿತಿಯ ಕಣಜವನ್ನು ಕೇಳುವ, ಅದರಿಂದ ಕೆಲಸ ಮಾಡಿಸುವ ಭಾಷೆ. ಅಣೆಕಟ್ಟಿನ ಗೇಟುಗಳು ಏಳುವುದೂ ಇಳಿಯುವುದೂ ಅದೇ ಭಾಷೆಯಲ್ಲಿ ಬರೆದ ಸಾಲುಗಳಿಂದ.

ಅಲ್ಲಿ ಒಂದು ಪದ್ಧತಿ ಇತ್ತು. ಭಾಷೆಯ ಯಾವುದೇ ಗುರುತನ್ನು ಬದಲಿಸಿದವರು, ಆ ಬದಲಾವಣೆ ಜಾರಿಗೆ ಬರುವ ದಿನ, ಅಣೆಕಟ್ಟಿನ ಬುಡದ ಮರಳ ಮೇಲೆ ಹೋಗಿ ಕೂರಬೇಕು. ಫೋನು ಒಯ್ಯುವ ಹಾಗಿಲ್ಲ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಗುರು ಲೆಂಕಯ್ಯನವರು ಕೂತಿದ್ದರು, ಅವರ ಗುರುಗಳೂ ಕೂತಿದ್ದರು.

ಆ ಸಲದ ಬದಲಾವಣೆ ದೇವೀರಿಯ ಪಾಲಿಗೆ ಬಂತು. ಆಶ್ರಮದ ಕಿರಿಯ ಶಿಷ್ಯೆ ಅವಳು. ಚುರುಕು, ಸ್ವಲ್ಪ ಆತುರ.

ಗೇಟು ತೆರೆಯಲು ಅಣೆಕಟ್ಟಿನವರು ನೀರುಬಿಡು(4, 2) ಎಂದು ಬರೆಯುತ್ತಿದ್ದರು. ಮೊದಲನೆಯದು ಯಾವ ಗೇಟು ಎಂದು, ಎರಡನೆಯದು ಎಷ್ಟು ಅಡಿ ಎತ್ತಬೇಕು ಎಂದು. ಹಿಂದಿನ ಮಳೆಗಾಲದಲ್ಲಿ ಯಾರೋ ಎರಡನ್ನೂ ಅದಲುಬದಲು ಮಾಡಿ ಬರೆದರು. ಎರಡು ಅಡಿ ಏಳಬೇಕಾದದ್ದು ನಾಲ್ಕು ಅಡಿ ಎದ್ದಿತು. ಮೀನು ಹಿಡಿಯುವ ತಾಯವ್ವನ ಹರಿಗೋಲು ಮಗುಚಿತು. ತಾಯವ್ವ ಈಜಿ ಉಳಿದಳು.

"ಇನ್ಮೇಲೆ ಸಂಖ್ಯೆಗೆ ಹೆಸರು ಹೇಳಿಯೇ ಬರೀಲಿ," ಎಂದರು ಗುರುಗಳು. "ಗೇಟು ಯಾವುದು, ಅಡಿ ಯಾವುದು, ಬರೆದವನಿಗೂ ಕಾಣಬೇಕು, ಓದಿದವನಿಗೂ ಕಾಣಬೇಕು. ಹೆಸರಿಗೂ ಸಂಖ್ಯೆಗೂ ನಡುವೆ ಏನು ಗುರುತು ಇಡೋದು, ನೀನು ನೋಡು ದೇವೀರಿ."

"ಅದರಲ್ಲಿ ನೋಡೋದೇನಿದೆ? ಸಮ ಚಿಹ್ನೆ ಇಟ್ಟರಾಯ್ತು. ಗೇಟು = 4."

"ನಮ್ಮ ಭಾಷೇಲಿ ಅದು ಪ್ರಶ್ನೆ. ಗೇಟು ನಾಲ್ಕು ಹೌದೋ ಅಲ್ಲವೋ ಅಂತ ಕೇಳುತ್ತೆ. ಕೇಳೋದಕ್ಕೂ ಹೇಳೋದಕ್ಕೂ ಒಂದೇ ಗುರುತು ಇಟ್ಟರೆ ಗೇಟು ಯಾವುದನ್ನ ನಂಬಬೇಕು?"

ದೇವೀರಿ ಮತ್ತೆರಡು ಗುರುತು ತಂದಳು. ಒಂದು, ಗೇಟು := 4. ಇನ್ನೊಂದು, ಗೇಟು => 4.

ಹಿರಿಯ ಶಿಷ್ಯ ನಿಜಗುಣ ಇಣುಕಿ ನೋಡಿ ನಕ್ಕ. "ಮೊದಲನೇದು ಹಲ್ಲು ಮುರಿದ ಬಾಚಣಿಗೆ ಇದ್ದ ಹಾಗಿದೆ ಕಣೇ. ಬಾಣ ನೋಡು, ಎಷ್ಟು ಲಕ್ಷಣವಾಗಿದೆ!"

"ಬಾಣವೇ ಇರಲಿ ಗುರುಗಳೇ," ಎಂದಳು ದೇವೀರಿ. " ಬೇರೆ ಕಡೆಯೆಲ್ಲಾ ಅದನ್ನೇ ಬರೀತಾರೆ. ಹೊಸಬರಿಗೆ ಕಲಿಸೋದು ಸುಲಭ."

"ನಮ್ಮವರು ಯಾರಾದ್ರೂ ಅದನ್ನ ಈಗಾಗಲೇ ಬಳಸ್ತಿದಾರಾ?"

"ಅಣೆಕಟ್ಟಿನವರು ಮಾತ್ರ. 2 => 5 ಅಂದರೆ ಎರಡನೇ ಗೇಟಿಂದ ಐದನೇದರ ತನಕ ಅಂತ. ಬೇಕಾದ ಗುರುತು ಮಾಡಿಕೊಳ್ಳಿ ಅಂತ ನಾವೇ ಬಿಟ್ಟಿದ್ವಲ್ಲ, ಹಾಗೆ ಮಾಡಿಕೊಂಡಿದ್ದು. ಇನ್ಮೇಲೆ ಬೇರೆ ಏನಾದ್ರೂ ಬರ್ಕೊಳ್ಳಲಿ. ಅವರೊಬ್ಬರಿಗೋಸ್ಕರ ಊರೆಲ್ಲಾ ಕಾಯೋದಾ?"

ಗುರುಗಳು ಅವಳ ಮುಖವನ್ನೇ ನೋಡಿದರು.

"ಸರಿ," ಎಂದರು. "ಬೆಳಿಗ್ಗೆ ಮರಳಿಗೆ ಹೋಗೋಣ."

"ನೀವೂ ಬರ್ತೀರಾ?"

"ಮೊಣಕಾಲು ಹಿಡ್ಕೊಂಡಿದೆ. ಅದಕ್ಕೂ ಸ್ವಲ್ಪ ಬಿಸಿಲು ಬೀಳಲಿ."

ಅಣೆಕಟ್ಟು ತುಂಬಿತ್ತು. ಮರುದಿನ ಸೂರ್ಯ ಆಶ್ರಮದ ಅರಳಿಮರದ ನೆತ್ತಿಗೆ ಬರುವ ಹೊತ್ತಿಗೆ ಎರಡರಿಂದ ಐದರವರೆಗಿನ ಗೇಟುಗಳು ಏಳಬೇಕಿತ್ತು. ಅದಕ್ಕೆ ಮುಂಚೆ ನಿಜಗುಣ ಆಶ್ರಮದಲ್ಲಿ ಕೂತು ಹೊಸ ಗುರುತನ್ನು ಭಾಷೆಗೆ ಸೇರಿಸಿ, ಗಂಟೆ ಬಾರಿಸಬೇಕು. ಗಂಟೆ ಕೇಳಿತೆಂದರೆ ಬದಲಾವಣೆ ಆಯಿತೆಂದು ಅರ್ಥ.

ದೇವೀರಿ ಮರಳ ಮೇಲೆ ಕೂತಳು. ಪಕ್ಕದಲ್ಲಿ ಗುರುಗಳು ಕಾಲು ಚಾಚಿ ಕೂತರು.

ಆಶ್ರಮದ ಕಿಟಕಿಯಿಂದ ಅಣೆಕಟ್ಟು ಒಂದು ಗೋಡೆ. ಇಲ್ಲಿಂದ ಅದು ಗೋಡೆಯಾಗಿ ಕಾಣಲಿಲ್ಲ. ಅದರ ಹಿಂದೆ ನಿಂತಿರುವ ನೀರೇ ಕಂಡಿತು. ಗೇಟುಗಳ ಸಂದಿಯಿಂದ ಹನಿ ಜಿನುಗಿ, ಪಾಚಿಯ ಮೇಲೆ ಜಾರಿ, ಸದ್ದಿಲ್ಲದೆ ಕೆಳಗಿಳಿಯುತ್ತಿತ್ತು.

ತುಸು ದೂರದಲ್ಲಿ ತಾಯವ್ವ ಬಲೆ ಹರಡಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದಳು.

"ಏನ್ ತಾಯಿ, ಹೊಳೆ ಕಾಯಾಕೆ ಬಂದ್ಯಾ?"

"ಹೂಂ ತಾಯವ್ವ. ನಿಮಗೆ ಇಲ್ಲಿ ಕೂರೋಕೆ ಭಯ ಆಗಲ್ವಾ?"

"ಭಯ ಯಾಕೆ? ಸೈರನ್ ಊದ್ತಾರಲ್ಲ. ಊದಿದ್ರೆ ಬಲೆ ಮಡಚ್ಕೊಂಡು ಹತ್ತೋದು."

"ಹೋದ ಮಳೇಲಿ?"

"ಆವತ್ತೂ ಊದಿದ್ರು. ನಾನು ಹತ್ತಿದ್ದೆ, ಹರಿಗೋಲು ಎಳ್ಕೊಳ್ಳೋಣ ಅಂತ ತಿರುಗಿ ಇಳಿದೆ. ಅಷ್ಟು ನೀರು ಬರ್ತದೆ ಅಂತ ಯಾರಿಗೆ ಗೊತ್ತು? ಊದದೇ ಇದ್ದಿದ್ರೆ ಇವತ್ತು ಯಾರ ಜೊತೆ ಮಾತಾಡ್ತಿದ್ದೆ ನೀನು?"

ತಾಯವ್ವ ನಕ್ಕಳು. ದೇವೀರಿಗೆ ನಗು ಬರಲಿಲ್ಲ.

ಸೈರನ್. ಅದೂ ಅದೇ ಭಾಷೆಯ ಮಾತಿನಿಂದ ಊದುವಂಥದ್ದು. ಅಣೆಕಟ್ಟಿನವರ ಸಾಲುಗಳನ್ನು ಅವಳು ಓದಿದ್ದಳು. ಮೊದಲ ಸಾಲು, ಸೈರನ್‌ಊದು(2 => 5). ಅದರ ಕೆಳಗಿನ ಸಾಲಿನಲ್ಲಿ ನೀರುಬಿಡು. ಎರಡರಲ್ಲೂ ಬಾಣ.

ಗಂಟೆ ಬಾರಿಸಿದ ಮೇಲೆ ಆ ಬಾಣ ಬೇರೆ ಆಗುತ್ತದೆ. ಇಂಥ ಗೇಟಿನಿಂದ ಇಂಥ ಗೇಟಿನವರೆಗೆ ಎಂಬ ಮಾತೇ ಭಾಷೆಗೆ ಮರೆತುಹೋಗುತ್ತದೆ. ಆಗ ಸೈರನ್ ಊದುತ್ತದೋ? ಊದದೆ ಗೇಟು ಏಳುತ್ತದೋ? ಒಂದೇ ಏಳುತ್ತದೋ, ಎಲ್ಲವೂ ಏಳುತ್ತವೋ?

ಅವಳು ಅದನ್ನು ಪರೀಕ್ಷಿಸಿಯೇ ಇರಲಿಲ್ಲ.

ಅವಳು ಗುರುಗಳ ಕಡೆ ತಿರುಗಿದಳು.

"ಗುರುಗಳೇ, ಸೈರನ್ ಆಗದೆ ಗೇಟು ಎದ್ದರೆ?"

"ಏಳುತ್ತಾ?"

"ಗೊತ್ತಿಲ್ಲ."

"ಏಳದೇ ಇದ್ದರೆ, ಅಷ್ಟೂ ನೀರು ಎಲ್ಲಿಗೆ ಹೋಗುತ್ತೆ?"

"ಅದೂ ಗೊತ್ತಿಲ್ಲ ಗುರುಗಳೇ."

"ಬಾಣ ನಿನ್ನದಲ್ವಾ," ಎಂದು ಗುರುಗಳು ಮೊಣಕಾಲು ನೀವಿಕೊಂಡರು.

ದೇವೀರಿ ಎದ್ದು ನಿಂತಳು. "ಏಳಿ, ಮೇಲೆ ಹೋಗೋಣ. ತಾಯವ್ವ, ನೀವೂ ಏಳಿ, ಬೇಗ!"

"ಸೈರನ್ ಆಗ್ಲಿಲ್ವಲ್ಲವ್ವ. ಇನ್ನೊಂದೀಟು ಹೆಣೆಯೋದದೆ."

"ಆಗದೇ ಇರಬಹುದು ತಾಯವ್ವ!"

"ಸೈರನ್ ಆಗದೇ ಅವರು ನೀರು ಬಿಡಾಕಿಲ್ಲ. ಕೂತ್ಕೋ ಸುಮ್ಕೆ."

ದೇವೀರಿ ಗುರುಗಳ ರಟ್ಟೆ ಹಿಡಿದು ಎಳೆದಳು. ಅವರು ಅಲುಗಲಿಲ್ಲ.

"ನನ್ನ ಕಾಲು ಏಳಲ್ಲ ಮಗೂ. ನಿನ್ನದು ಏಳುತ್ತಲ್ಲ."

ಅವಳು ಓಡಿದಳು. ಮರಳು ಕಾಲನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಹಿಂದೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಮುಂದೆ ಅರಳಿಮರ, ಸೂರ್ಯ ಅದರ ನೆತ್ತಿಯ ಹತ್ತಿರಕ್ಕೆ ಬಂದಿದ್ದ. ಎಲ್ಲಿ ಗಂಟೆ ಕೇಳಿಬಿಡುತ್ತದೋ ಎಂದು ಅವಳ ಕಿವಿಯೇ ಹೆದರಿತು. ಮೆಟ್ಟಿಲಲ್ಲಿ ಎಡವಿದಳು. ಮಂಡಿ ತರಚಿದ್ದು ಗೊತ್ತಾಗಲಿಲ್ಲ.

ನಿಜಗುಣನ ಬೆರಳು ಕೀಲಿಮಣೆಯ ಮೇಲಿತ್ತು.

"ತೆಗಿ ಕೈ!"

"ಯಾಕೇ, ಹಾವು ಕಂಡವಳ ಹಾಗೆ?"

"ಬಾಣ ಬೇಡ. ಆ ಬಾಚಣಿಗೆ ಹಾಕು."

"ಬಾಚಣಿಗೇನಾ? ಅದನ್ನ ನಮ್ಮಲ್ಲಿ ಯಾರೂ ಯಾವುದಕ್ಕೂ ಬಳಸಲ್ಲ ಕಣೇ."

"ಅದಕ್ಕೇ."

ನಿಜಗುಣ ಅವಳ ಮುಖ ನೋಡಿದ. ಮತ್ತೆ ತಮಾಷೆ ಮಾಡಲಿಲ್ಲ. ಅವಳು ಪಕ್ಕದಲ್ಲೇ ನಿಂತು, ಬಾಣವನ್ನು ಅಳಿಸುವುದನ್ನೂ ಮುರುಕು ಬಾಚಣಿಗೆಯನ್ನು ಇಡುವುದನ್ನೂ ನೋಡಿದಳು. ಅಣೆಕಟ್ಟಿನವರ ಹಳೆಯ ಸಾಲುಗಳನ್ನು, ಗೇಟು ಏಳಿಸದೆ, ಬರಿದೇ ಓದಿಸಿ ನೋಡಿದರು. ಎರಡರಿಂದ ಐದರವರೆಗೆ ಎಂದೇ ಭಾಷೆ ಓದಿತು. ನಿಜಗುಣ ಗಂಟೆ ಬಾರಿಸಿದ.

ದೇವೀರಿ ಮರಳಿಗೆ ವಾಪಸು ಬಂದು ಗುರುಗಳ ಪಕ್ಕ ಕೂತಳು. ಭಯ ಹೋಗಿರಲಿಲ್ಲ. ಇನ್ನೇನಾದರೂ ಮರೆತಿದ್ದೇನೆಯೇ ಎಂದು ಗೇಟುಗಳನ್ನೇ ನೋಡುತ್ತಿದ್ದಳು. ಹನಿ ಮೊದಲಿನ ಹಾಗೆಯೇ ಜಾರುತ್ತಿತ್ತು.

ಸೈರನ್ ಕೂಗಿತು.

ಅಂಥ ಕರ್ಕಶ ಸದ್ದು ಅಷ್ಟು ಹಿತವಾಗಿ ಅವಳಿಗೆ ಎಂದೂ ಕೇಳಿರಲಿಲ್ಲ. ತಾಯವ್ವ ಹಲ್ಲಿನಲ್ಲಿ ದಾರ ಕಡಿದು, ಬಲೆ ಮಡಚಿ, ಹರಿಗೋಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ನಿಧಾನವಾಗಿ ದಂಡೆ ಹತ್ತಿದಳು. ಗುರುಗಳು ಪಂಚೆ ಕೊಡವಿ ಎದ್ದರು.

"ಮೊಣಕಾಲು ಈಗ ಎದ್ದಿತಾ?"

"ಸೈರನ್ ಕೇಳಿತಲ್ಲ."

ಅಣೆಕಟ್ಟಿನ ಮೇಲೆ ಒಬ್ಬ ಮನುಷ್ಯ ಕಂಬಿಗೆ ಒರಗಿ ಕೆಳಗೆ ನೋಡುತ್ತಾ ನಿಂತಿದ್ದ. ಕೊನೆಯ ಹೆಜ್ಜೆಯೂ ದಂಡೆಗೆ ಬಿದ್ದ ಮೇಲೆ ಅವನು ಕೈ ಎತ್ತಿ ಒಳಗೆ ಹೋದ. ಗೇಟುಗಳು ಎದ್ದವು. ಅವರು ಕೂತಿದ್ದ ಗುರುತು ಮರಳಿನಲ್ಲಿ ಇನ್ನೂ ಇತ್ತು. ನೋಡುತ್ತಿದ್ದ ಹಾಗೆ ಅದರ ಮೇಲೆ ಕಂದು ನೀರು ಹಾಯಿತು.

ದೇವೀರಿ ತರಚಿದ ಮಂಡಿಯ ಮೇಲಿನ ಮರಳು ಒರೆಸಿಕೊಂಡಳು.

"ಬಾಣವನ್ನ ಮರೆತುಬಿಡ್ತೀನಿ ಗುರುಗಳೇ. ಇನ್ನೆಂದೂ ಯಾರ ಗುರುತನ್ನೂ ಮುಟ್ಟಲ್ಲ."

ಗುರುಗಳು ಹರಿಯುವ ನೀರನ್ನು ತೋರಿಸಿದರು.

"ಅಣೆಕಟ್ಟಿನವರು ನೀರು ಬಿಡೋದನ್ನ ನಿಲ್ಲಿಸಿದ್ರಾ? ಮೊದಲು ಕೂಗಿದ್ರು. ಆಮೇಲೆ ಮರಳು ಖಾಲಿಯಾಯ್ತಾ ಅಂತ ನೋಡಿದ್ರು. ಗುರುತು ಬದಲಿಸೋದೂ ಹಾಗೇ."