ಹೊಲದ ಅಂಚಿನಲ್ಲಿ ಕುಳಿತಿದ್ದವನು

“ಗುರುಗಳೇ, ಇಪ್ಪತ್ತು ವರ್ಷದ ಹಿಂದಿನ ಕೊಲೆಯನ್ನು ಈಗ ಕೆದಕಿ ಏನು ಬಂತು? ಸತ್ತವನು ಎದ್ದು ಬರುತ್ತಾನೆಯೇ?” ಎಂದು ಶಿಷ್ಯನೊಬ್ಬ ಕೇಳಿದ.

“ಬರುವುದಿಲ್ಲ ಮಾರಾಯ, ಅಷ್ಟು ನನಗೂ ಗೊತ್ತು. ಸುಮ್ಮನೆ ಕೂತು ಕೇಳು,” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ರೈತನಿದ್ದ. ಒಂದು ದಿನ ಹೊಲಕ್ಕೆ ಹೋದವನು ಮನೆಗೆ ಬರಲಿಲ್ಲ. ಹುಡುಕಿದರು, ಸಿಗಲಿಲ್ಲ. ಊರು ಸುಮ್ಮನಿರುತ್ತದೆಯೇ? ಹೆಂಡತಿಯೇ ಏನೋ ಮಾಡಿದ್ದಾಳೆ ಎಂದಿತು. ಗಂಡನನ್ನು ನುಂಗಿದವಳು ಎಂದು ಹೆಸರಿಟ್ಟಿತು. ಮುತ್ತೈದೆ ಎನ್ನುವಂತಿಲ್ಲ, ವಿಧವೆ ಎನ್ನುವಂತಿಲ್ಲ. ಅರಿಶಿನ ಕುಂಕುಮಕ್ಕೂ ಆಕೆಯನ್ನು ಯಾರೂ ಕರೆಯಲಿಲ್ಲ. ಪಾಪ, ಇಪ್ಪತ್ತು ವರ್ಷ ಆಕೆ ಬೀದಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ. ಪಕ್ಕದ ಮನೆಯಲ್ಲೇ ಇದ್ದ ಮೈದುನ, ಗಂಡನ ತಮ್ಮ, ಎಲ್ಲವನ್ನೂ ನೋಡುತ್ತಿದ್ದ, ತುಟಿ ಬಿಚ್ಚಲಿಲ್ಲ.

ಆಮೇಲೆ ಆ ಮೈದುನನ ಹೊಲದ ಅಂಚಿನಲ್ಲಿ ಸರ್ಕಾರದವರು ಕಾಲುವೆ ತೋಡಿದರು. ಮೂಳೆಗಳು ಸಿಕ್ಕವು. “ಯಾವುದೋ ಹಳೆಯ ಸಮಾಧಿ, ಮುಚ್ಚಿಬಿಡಿ,” ಎಂದರು ಹಿರಿಯರು. ಆ ಊರಿನ ಜನರಲ್ಲಿ ಸತ್ತವರನ್ನು ಹೊಲದಲ್ಲೇ ಕೂರಿಸಿ ಹೂಳುವ ಪದ್ಧತಿ. ಗುಂಡಿಯಲ್ಲಿ ಸಿಕ್ಕವನೂ ಕಾಲು ಮಡಚಿ ಕುಳಿತೇ ಇದ್ದ.

ಪೊಲೀಸರು ಮುಚ್ಚಗೊಡಲಿಲ್ಲ. ಶವಪರೀಕ್ಷೆ ಮಾಡುವ ವೈದ್ಯೆಯನ್ನು ಕರೆಸಿದರು. ಆಕೆ ಗುಂಡಿಗಿಳಿದು, ಕುಂಚದಿಂದ ಮಣ್ಣು ಸರಿಸಿ, ಒಂದೊಂದೇ ಮೂಳೆ ನೋಡಿದರು.

“ಎಡ ಮುಂಗೈ ಎಂದೋ ಮುರಿದು ಕೂಡಿಕೊಂಡಿದೆ. ತಲೆಬುರುಡೆಯ ಹಿಂದೆಯೂ ಏಟಿನ ಬಿರುಕಿದೆ, ಅದು ಕೂಡಿಕೊಂಡಿಲ್ಲ. ಕೂಡುವಷ್ಟು ದಿನ ಈತ ಬದುಕಿರಲಿಲ್ಲ,” ಎಂದರು.

ಗುಂಪಿನ ಹಿಂದೆ ನಿಂತಿದ್ದ ರೈತನ ಹೆಂಡತಿ ಚೀರಿದಳು. “ಅಯ್ಯೋ, ನಮ್ಮ ಯಜಮಾನರು! ಗಾಡಿಯಿಂದ ಬಿದ್ದು ಮುರಿದ ಕೈ ಅದು, ನಾನೇ ಪಟ್ಟಿ ಕಟ್ಟಿದ್ದೆ!”

ವೈದ್ಯೆ ಪೊಲೀಸರ ಕಡೆ ತಿರುಗಿದರು. “ಹೊರಗಿನವರು ಕೊಂದಿದ್ದರೆ ಎಲ್ಲಾದರೂ ಎಸೆದು ಓಡುತ್ತಿದ್ದರು. ಈತನನ್ನು ಕ್ರಮವಾಗಿ ಕೂರಿಸಿದ್ದಾರೆ, ತೊಡೆಯ ಮೇಲೆ ವಿಭೂತಿ ಗಟ್ಟಿ ಇಟ್ಟಿದ್ದಾರೆ. ಹೂತವರು ಮನೆಯವರೇ ಇರಬೇಕು.”

ಮೈದುನ ಅಲ್ಲೇ ಕುಸಿದು ಕೂತ. “ಬದುವಿನ ಜಗಳ ಅತ್ತಿಗೆ, ಸಿಟ್ಟಿನಲ್ಲಿ ಹೊಡೆದುಬಿಟ್ಟೆ. ಆದರೆ ಅಣ್ಣನನ್ನು ನಾಯಿ ನರಿಗೆ ಹೇಗೆ ಬಿಡಲಿ?” ಎಂದು ಗೋಳೋ ಎಂದು ಅತ್ತ.

ಆಕೆ ತಲೆ ಎತ್ತಿ ಊರವರ ಮುಖವನ್ನು ಒಂದೊಂದಾಗಿ ನೋಡಿದಳು. ಯಾರೂ ಆಕೆಯ ಕಣ್ಣು ಎದುರಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮನಸ್ಸು ಆ ತಮ್ಮನ ಅಳುವಿಗೆ ಕರಗಿತ್ತು. “ಕೊಂದವನೇ ಆದರೂ ಅಣ್ಣನಿಗೆ ಸಂಸ್ಕಾರ ತಪ್ಪಿಸಲಿಲ್ಲವಲ್ಲ, ಗುರುಗಳೇ,” ಎಂದ.

“ಹೌದಪ್ಪ, ಸತ್ತವನನ್ನು ಕೂರಿಸಿ ಹೂತ, ಬದುಕಿದ್ದವಳನ್ನು ನಿಂತಲ್ಲೇ ಹೂತ,” ಎಂದರು ಗುರುಗಳು.